ಒಬ್ಬರೇ ಮನುಷ್ಯರು, ನಿವೃತ್ತಿಗೆ ಮೂರು ತಾರೀಖು: ಸಮೀಕ್ಷೆಯ ಡೇಟಾ ಹೇಗೆ ಓದಬೇಕು?

ಸಂಖ್ಯಾಸಖಿ

ಎಲ್ಲರಿಗೂ ನಮಸ್ಕಾರ. ಅರ್ಥಶಾಸ್ತ್ರ ಎಂ.ಎ. ಕೊನೆ ವರ್ಷದ ಪ್ರಬಂಧ ಬರೆಯುತ್ತಿದ್ದೇನೆ. ಜನ ಕೆಲಸ ಬಿಡುವುದು ಯಾವಾಗ, ಯಾಕೆ ಅನ್ನುವುದು ವಿಷಯ. ಅಮೆರಿಕದ ಹೆಲ್ತ್ ಅಂಡ್ ರಿಟೈರ್‌ಮೆಂಟ್ ಸ್ಟಡಿಯ ಡೇಟಾ ಇಳಿಸಿಕೊಂಡಿದ್ದೇನೆ. 1992ರಿಂದ ಎರಡು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಮತ್ತೆ ಮಾತಾಡಿಸುತ್ತಾ ಬಂದಿರುವ ಸಮೀಕ್ಷೆ ಇದು. 50 ದಾಟಿದ ಸುಮಾರು 20,000 ಜನ ಇದ್ದಾರೆ. ರ‍್ಯಾಂಡ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ ಜೋಡಿಸಿ ಕೊಟ್ಟಿರುವ ಫೈಲನ್ನು ಬಳಸುತ್ತಿದ್ದೇನೆ.

ನನ್ನ ಕಷ್ಟ ಇಷ್ಟು. "ನಿವೃತ್ತರು" ಅಂತ ಯಾರನ್ನು ಕರೆಯಬೇಕು ಅನ್ನುವಲ್ಲೇ ಸಿಕ್ಕಿಬಿದ್ದಿದ್ದೇನೆ. ಒಬ್ಬರ ಸಾಲನ್ನು ನಿನ್ನೆ ರಾತ್ರಿ ಪೂರ್ತಿ ಕೂತು ಓದಿದೆ. ಐದನೇ ಸುತ್ತಿನಲ್ಲಿ ಅವರು "ನಾನು ಪೂರ್ತಿ ನಿವೃತ್ತ" ಅಂದಿದ್ದಾರೆ. ಅದೇ ಸುತ್ತಿನಲ್ಲಿ ವಾರಕ್ಕೆ 20 ಗಂಟೆ ಕೆಲಸ ಅಂತಲೂ ಇದೆ. ಗಂಟೆ ಸೊನ್ನೆ ಆಗುವುದು ಆರನೇ ಸುತ್ತಿನಲ್ಲಿ. ಪಿಂಚಣಿ ಬರಲು ಶುರುವಾಗಿದ್ದು ಮಾತ್ರ ನಾಲ್ಕರಲ್ಲೇ. ಅಂದರೆ ಒಬ್ಬರಿಗೇ ಮೂರು ನಿವೃತ್ತಿ ತಾರೀಖು. ಇಂಥವರು ಒಬ್ಬಿಬ್ಬರಲ್ಲ, ಹುಡುಕಿದಷ್ಟೂ ಸಿಗುತ್ತಾರೆ.

ಇನ್ನೊಂದು. ಮೊದಲ ರಿಗ್ರೆಷನ್‌ನಲ್ಲಿ (ಯಾವ ಕಾರಣದ ಪ್ರಭಾವ ಎಷ್ಟು ಅಂತ ಅಳೆಯುವ ಲೆಕ್ಕದಲ್ಲಿ) ಆರೋಗ್ಯದ ಪ್ರಭಾವ ತುಂಬಾ ದೊಡ್ಡದಾಗಿ ಬಂತು. ಹಣದ ವಿಷಯ ಅದರ ಮುಂದೆ ಏನೂ ಅಲ್ಲ ಅನ್ನುವ ಹಾಗೆ. ಮಾರ್ಗದರ್ಶಕರು ನೋಡಿ, "ಯಾವ ವ್ಯಾಖ್ಯೆ ಇಟ್ಟುಕೊಂಡಿದ್ದೀರಿ?" ಅಂತ ಒಂದೇ ಮಾತು ಕೇಳಿದರು. ಉತ್ತರ ಇರಲಿಲ್ಲ. ಮೂರರಲ್ಲಿ ಒಂದನ್ನು ಆರಿಸಿಕೊಂಡು ಮುಂದೆ ಹೋಗಲೇ?

ಹಳೇಪ್ಯಾನೆಲ್

ಈಗಲೇ ಆರಿಸಬೇಡಿ. ಆ ಮೂರು ತಾರೀಖಿನಲ್ಲಿ ಒಂದೂ ತಪ್ಪಲ್ಲ. ಮೂರೂ ಬೇರೆ ಬೇರೆ ಪ್ರಶ್ನೆಗೆ ಸರಿಯಾದ ಉತ್ತರ. ದುಡಿಮೆ ಎಷ್ಟು ಕಡಿಮೆಯಾಯಿತು ಅಂತ ಕೇಳುವುದಾದರೆ ಗಂಟೆ ನೋಡಿ. ಸರ್ಕಾರದ ಬೊಕ್ಕಸದಿಂದ ಎಷ್ಟು ಹೋಗುತ್ತದೆ ಅನ್ನುವುದಾದರೆ ಪಿಂಚಣಿ ಶುರುವಾದ ದಿನ ಮುಖ್ಯ. ಮನುಷ್ಯ ತನ್ನನ್ನು ತಾನು ಏನಂದುಕೊಂಡಿದ್ದಾನೆ ಅನ್ನುವುದಾದರೆ ಅವನ ಬಾಯಿಮಾತು. ನಿಮ್ಮ ಪ್ರಶ್ನೆ ಯಾವುದು ಅನ್ನುವುದು ಮೊದಲು ತೀರ್ಮಾನ ಆಗಬೇಕು.

ಆ ಪ್ರಶ್ನೆಯ ಮೂಲ ಮಾತನ್ನು ಓದಿದ್ದೀರಾ? "ಈಗ ನಿಮ್ಮನ್ನು ನೀವು ಪೂರ್ತಿ ನಿವೃತ್ತರು, ಅರ್ಧ ನಿವೃತ್ತರು, ನಿವೃತ್ತರೇ ಅಲ್ಲ, ಇದರಲ್ಲಿ ಯಾವುದು ಅಂತ ಎಣಿಸುತ್ತೀರಿ?" ಅನ್ನುವ ಧಾಟಿಯಲ್ಲಿದೆ. "ಎಣಿಸುತ್ತೀರಿ" ಅನ್ನುವ ಕಡೆ ಗಮನ ಇಡಿ. ಅಲ್ಲಿ ಕೇಳುತ್ತಿರುವುದು ಅಭಿಪ್ರಾಯ. ರ‍್ಯಾಂಡ್ ಫೈಲಿನಲ್ಲಿ ಕೆಲಸದ ಸ್ಥಿತಿ ಅಂತ ಒಂದು ವೇರಿಯಬಲ್, ಅಂದರೆ ಡೇಟಾದ ಒಂದು ಕಾಲಂ, ಇದೆ, ಅದು ಬೇರೆ. ಗಂಟೆ, ಸ್ವಂತ ಹೇಳಿಕೆ, ಕೆಲಸ ಹುಡುಕುತ್ತಿದ್ದಾರಾ ಅನ್ನುವುದು, ಎಲ್ಲವನ್ನೂ ಕೂಡಿಸಿ ಏಳು ಗುಂಪು ಮಾಡಿದ್ದಾರೆ. ಅರೆಕಾಲಿಕ ಕೆಲಸ ಮಾಡುತ್ತಾ ನಿವೃತ್ತಿಯ ಮಾತೂ ಆಡಿದರೆ "ಅರ್ಧ ನಿವೃತ್ತ" ಗುಂಪಿಗೆ ಬೀಳುತ್ತಾರೆ. ಇದನ್ನು ಸಿದ್ಧ ಉತ್ತರ ಅಂತ ಸುಮ್ನೆ ತೆಗೆದುಕೊಂಡರೆ, ನಿಮ್ಮ ವ್ಯಾಖ್ಯೆಯನ್ನು ಬೇರೆ ಯಾರೋ ಆರಿಸಿದ ಹಾಗಾಯಿತು. ಕೋಡ್‌ಬುಕ್‌ನಲ್ಲಿ (ಡೇಟಾದ ಜತೆ ಬರುವ ವಿವರಣೆ ಪುಸ್ತಕ) ಆ ನಿಯಮ ಪೂರ್ತಿ ಬರೆದಿದೆ, ಓದಿ.

ಇದಕ್ಕಿಂತ ಹಿಂದೆ 1969ರಿಂದ 1979ರವರೆಗೆ ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ (ಸರ್ಕಾರಿ ಪಿಂಚಣಿ) ಆಡಳಿತ ಒಂದು ಸಮೀಕ್ಷೆ ನಡೆಸಿತ್ತು. 58ರಿಂದ 63 ವಯಸ್ಸಿನವರಿಂದ ಶುರು. ಅದರಲ್ಲಿ ಗಂಡಸರು ಮತ್ತು ಮದುವೆಯಾಗದ ಅಥವಾ ಒಂಟಿ ಹೆಂಗಸರು ಮಾತ್ರ ಮುಖ್ಯ ಉತ್ತರದಾರರು. ಗಂಡನ ಜತೆಗಿರುವ ಹೆಂಗಸು ತನ್ನ ಹೆಸರಿನಲ್ಲಿ ಆಯ್ಕೆಯೇ ಆಗುತ್ತಿರಲಿಲ್ಲ. ಒಂದು ತಲೆಮಾರಿನ ಸಂಶೋಧನೆ ಆ ಡೇಟಾದ ಮೇಲೆ ನಿಂತಿದೆ. ನಿವೃತ್ತಿ ಅಂದರೆ ಗಂಡಸೊಬ್ಬ ಒಂದು ದಿನ ಪೂರ್ಣಾವಧಿ ಕೆಲಸ ನಿಲ್ಲಿಸುವುದು ಅನ್ನುವ ಚಿತ್ರ ಗಟ್ಟಿಯಾಗಲು ಆ ಡೇಟಾವೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಯಾರನ್ನು ಕೇಳಲಿಲ್ಲವೋ ಅವರು ಲೆಕ್ಕಕ್ಕೇ ಬರಲಿಲ್ಲ.

ಬಾಗಿಲು_ತಟ್ಟಿದವಳು

ನಾನು ಸಂಶೋಧಕಿ ಅಲ್ಲ. ಇಂಥದ್ದೇ ಒಂದು ಸಮೀಕ್ಷೆಗೆ ಒಂಬತ್ತು ವರ್ಷ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದವಳು. ನಿಮ್ಮ ಮೂರು ತಾರೀಖಿನ ಮಾತು ಓದಿ ಬರೆಯಬೇಕು ಅನ್ನಿಸಿತು.

ಒಬ್ಬರು ಹಿರಿಯರಿದ್ದರು. ಪ್ರಶ್ನೆ ಓದಿದೆ. "ನಾನು ರಿಟೈರ್ ಆಗಿಲ್ಲಮ್ಮ, ಕೆಲಸ ಬಿಟ್ಟಿದ್ದೀನಿ ಅಷ್ಟೆ" ಅಂದರು. ಎರಡಕ್ಕೂ ಏನು ವ್ಯತ್ಯಾಸ ಅಂತ ನಾನು ಕೇಳುವ ಹಾಗಿಲ್ಲ. ಪ್ರಶ್ನೆಯನ್ನು ಬರೆದ ಹಾಗೆಯೇ ಓದಬೇಕು, ನಮ್ಮ ಮಾತು ಸೇರಿಸಬಾರದು ಅನ್ನುವುದು ತರಬೇತಿಯ ಮೊದಲ ಪಾಠ. ಮತ್ತೆ ಓದಿದೆ. ಸ್ವಲ್ಪ ಹೊತ್ತು ಕೈ ನೋಡಿಕೊಂಡರು. ಆಮೇಲೆ "ಅರ್ಧ ಅಂತ ಬರ್ಕೊ" ಅಂದರು. ನಾನು ಅರ್ಧ ಅಂತ ಗುರುತು ಹಾಕಿದೆ. ನಿಮ್ಮ ಫೈಲಿನಲ್ಲಿ ಅದು ಒಂದು ಅಂಕಿ.

ಇನ್ನೊಬ್ಬರು ಹೆಂಗಸು. ಮೂವತ್ತು ವರ್ಷ ಗಂಡನ ವ್ಯಾಪಾರದ ಲೆಕ್ಕ ಬರೆದವರು, ಸಂಬಳ ಇಲ್ಲ. "ನಾನು ಯಾವ ಕೆಲಸದಿಂದ ರಿಟೈರ್ ಆಗಲಿ?" ಅಂತ ನನ್ನನ್ನೇ ಕೇಳಿದರು. ಅವರಿಗೆ "ಅನ್ವಯಿಸುವುದಿಲ್ಲ" ಅಂತ ಗುರುತು ಹಾಕಬೇಕಾಯಿತು. ಆವತ್ತು ವಾಪಸ್ ಬರುವಾಗ ಮನಸ್ಸಿಗೆ ತುಂಬಾ ಕಸಿವಿಸಿ ಆಗಿತ್ತು.

ಆ ಅಂಕಿಗಳನ್ನು ದಯವಿಟ್ಟು ಕಸ ಅಂತ ತೆಗೆದುಹಾಕಬೇಡಿ.

ಸಂಖ್ಯಾಸಖಿ

ಮೇಡಂ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. "ಅನ್ವಯಿಸುವುದಿಲ್ಲ" ಅಂತ ಇದ್ದವರನ್ನೆಲ್ಲ ನಾನು ಮೊದಲ ದಿನವೇ ಡಿಲೀಟ್ ಮಾಡಿದ್ದೆ. ಈಗ ವಾಪಸ್ ತಂದೆ. ಅವರಲ್ಲಿ ಹೆಂಗಸರೇ ಜಾಸ್ತಿ.

ಹಣದ ಪ್ರಶ್ನೆಗಳಲ್ಲಿ "ಗೊತ್ತಿಲ್ಲ" ಅಂದವರೂ ತುಂಬಾ ಜನ. ಅದನ್ನು ಹೇಗೆ ನಿಭಾಯಿಸುತ್ತಿದ್ದಿರಿ?

ಬಾಗಿಲು_ತಟ್ಟಿದವಳು

ಉಳಿತಾಯ ಎಷ್ಟಿದೆ ಅಂತ ನೇರ ಕೇಳಿದರೆ ಜನ ಹೇಳುವುದಿಲ್ಲ. ಕೆಲವರಿಗೆ ನಿಜವಾಗಿ ಗೊತ್ತಿರುವುದಿಲ್ಲ, ಕೆಲವರಿಗೆ ಸಂಕೋಚ. ಆಗ ಮೆಟ್ಟಿಲು ಹಾಕುತ್ತೇವೆ. "ಇಷ್ಟಕ್ಕಿಂತ ಜಾಸ್ತಿನಾ, ಕಮ್ಮಿನಾ?" ಜಾಸ್ತಿ ಅಂದರೆ ಇನ್ನೊಂದು ದೊಡ್ಡ ಮೊತ್ತ, ಕಮ್ಮಿ ಅಂದರೆ ಚಿಕ್ಕದು. ಎರಡು ಮೂರು ಮೆಟ್ಟಿಲಿಗೆ ಒಂದು ಮಟ್ಟ ಸಿಗುತ್ತದೆ. ಮೊದಲು ಬಾಯಿ ಬಿಡದವರೂ ಇದಕ್ಕೆ ಉತ್ತರ ಕೊಡುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಹಳೇಪ್ಯಾನೆಲ್

ಸೇರಿಸುವುದು ಒಂದೇ: ಮೊದಲು ಹೇಳಿದ ಮೊತ್ತ ಉತ್ತರವನ್ನು ತನ್ನ ಕಡೆ ಎಳೆಯುತ್ತದೆ. ದೊಡ್ಡ ಮೊತ್ತದಿಂದ ಶುರು ಮಾಡಿದರೆ ಜನ ಸ್ವಲ್ಪ ಶ್ರೀಮಂತರಾಗಿ ಕಾಣುತ್ತಾರೆ. ಅದಕ್ಕೇ ಈ ಸಮೀಕ್ಷೆಯಲ್ಲಿ ಯಾವ ಮೊತ್ತದಿಂದ ಶುರು ಮಾಡಬೇಕು ಅನ್ನುವುದನ್ನು ಜನರ ನಡುವೆ ಚೀಟಿ ಎತ್ತಿದ ಹಾಗೆ ಹಂಚಿ ಪರೀಕ್ಷೆ ಮಾಡಿದ್ದಾರೆ. ರ‍್ಯಾಂಡ್ ಫೈಲಿನಲ್ಲಿ ಯಾವ ಮೊತ್ತ ಹೇಳಿದ್ದು, ಯಾವುದು ಅಂದಾಜು ಮಾಡಿ ತುಂಬಿದ್ದು ಅಂತ ಗುರುತು ಇದೆ. ಅದನ್ನು ನೋಡದೆ ಸಂಪತ್ತಿನ ಲೆಕ್ಕಕ್ಕೆ ಕೈ ಹಾಕಬೇಡಿ.

ಲೆಕ್ಕದ_ಮೇಷ್ಟ್ರು

ಆರೋಗ್ಯದ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಧಾನವಾಗಿ ಹೋಗೋಣ, ಎಡವುವವರು ಹೆಚ್ಚು ಇಲ್ಲೇ.

ನೀವು ಬಳಸಿದ್ದು "ನಿಮ್ಮ ಆರೋಗ್ಯ ಹೇಗಿದೆ, ಅತ್ಯುತ್ತಮವೇ, ಚೆನ್ನಾಗಿದೆಯೇ, ಕೆಟ್ಟದಾಗಿದೆಯೇ" ಅನ್ನುವ ಪ್ರಶ್ನೆ ಇರಬೇಕು. ಕೆಲಸ ಬಿಟ್ಟ ಮನುಷ್ಯನಿಗೆ ಯಾಕೆ ಬಿಟ್ಟೆ ಅನ್ನುವುದಕ್ಕೆ ಒಂದು ಕಾರಣ ಬೇಕು. 59ಕ್ಕೆ ಮನೆಯಲ್ಲಿ ಕೂತವನಿಗೆ "ಮೈಯಲ್ಲಿ ಆಗಲ್ಲ" ಅನ್ನುವುದು ಎಲ್ಲರೂ ಒಪ್ಪುವ ಕಾರಣ. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ಮಂಡಿನೋವು ಕೆಲಸದಲ್ಲಿರುವವನ ಬಾಯಲ್ಲಿ "ಪರವಾಗಿಲ್ಲ" ಆಗುತ್ತದೆ, ಬಿಟ್ಟವನ ಬಾಯಲ್ಲಿ "ಕೆಟ್ಟದಾಗಿದೆ" ಆಗುತ್ತದೆ. ಹಾಗಾದರೆ ಆರೋಗ್ಯ ಕೆಲಸ ಬಿಡಿಸಿತೋ, ಕೆಲಸ ಬಿಟ್ಟದ್ದು ಉತ್ತರ ಬದಲಿಸಿತೋ? ನಿಮ್ಮ ರಿಗ್ರೆಷನ್ ಇವೆರಡನ್ನು ಬೇರೆ ಮಾಡುವುದಿಲ್ಲ.

ಸರಿ, ವೈದ್ಯರು ಹೇಳಿದ ಕಾಯಿಲೆಗಳ ಪಟ್ಟಿ, ಕೈ ಹಿಡಿತದ ಬಲ, ಇಂಥ ಅಳತೆ ತೆಗೆದುಕೊಂಡರಾಯಿತಲ್ಲ ಅನ್ನಬಹುದು. ಅರ್ಥಶಾಸ್ತ್ರಜ್ಞ ಜಾನ್ ಬೌಂಡ್ 1991ರಲ್ಲೇ ಇದರ ಇನ್ನೊಂದು ಮುಖ ತೋರಿಸಿದರು. ಸಕ್ಕರೆ ಕಾಯಿಲೆ ಇದೆ ಅನ್ನುವುದು ಗೊತ್ತಾದರೆ, ಅವರು ದಿನಕ್ಕೆ ಎಂಟು ಗಂಟೆ ನಿಂತು ಕೆಲಸ ಮಾಡಬಲ್ಲರೇ ಅನ್ನುವುದು ಗೊತ್ತಾಗುವುದಿಲ್ಲ. ಅಳತೆ ಕೆಲಸದ ಶಕ್ತಿಯಿಂದ ದೂರ ಇದ್ದಷ್ಟೂ ಆರೋಗ್ಯದ ಪಾಲು ಕಡಿಮೆಯಾಗಿ, ಹಣದ ಪಾಲು ಹೆಚ್ಚಾಗಿ ಕಾಣುತ್ತದೆ. ಒಂದು ಅಳತೆ ಈ ಕಡೆ ವಾಲುತ್ತದೆ, ಇನ್ನೊಂದು ಆ ಕಡೆ.

ನನಗೆ ತುಂಬಾ ಹಿಡಿಸಿದ ದಾರಿ ಕ್ಯಾಥ್ಲೀನ್ ಮೆಕ್‌ಗ್ಯಾರಿ 2004ರಲ್ಲಿ ತೋರಿಸಿದ್ದು. ಅವರು ಇನ್ನೂ ಕೆಲಸದಲ್ಲಿರುವವರನ್ನು ಮಾತ್ರ ತೆಗೆದುಕೊಂಡರು. ಎಲ್ಲರೂ ಕೆಲಸದಲ್ಲೇ ಇದ್ದ ಮೇಲೆ ಬಿಟ್ಟಿದ್ದಕ್ಕೆ ಸಮರ್ಥನೆ ಕೊಡುವ ಅಗತ್ಯವೇ ಯಾರಿಗೂ ಇಲ್ಲ. "62 ಆದ ಮೇಲೂ ಪೂರ್ಣಾವಧಿ ಕೆಲಸ ಮಾಡುವ ಸಾಧ್ಯತೆ ನೂರಕ್ಕೆ ಎಷ್ಟು?" ಅನ್ನುವ ಪ್ರಶ್ನೆ ಈ ಸಮೀಕ್ಷೆಯಲ್ಲಿದೆ. ಆರೋಗ್ಯ ಬದಲಾದಾಗ ಆ ಅಂಕಿ ಎಷ್ಟು ಬದಲಾಯಿತು ಅಂತ ನೋಡಿದರು. ಸಮರ್ಥನೆಯ ಕಾಟ ಕಳೆದ ಮೇಲೂ ಆರೋಗ್ಯದ ಪ್ರಭಾವ ಗಟ್ಟಿಯಾಗಿಯೇ ನಿಂತಿತು. ಹಾಗಾಗಿ ನಿಮ್ಮ ಫಲಿತಾಂಶ ಪೂರ್ತಿ ತಪ್ಪು ಅಂತ ಅಲ್ಲ, ಅದರ ಗಾತ್ರವನ್ನು ಈಗಲೇ ನಂಬಬೇಡಿ.

ಇನ್ನೊಂದು ಕೆಲಸ ನೆನಪಿಗೆ ಬರುತ್ತದೆ. ಕಪ್ಟೈನ್, ಸ್ಮಿತ್, ವಾನ್ ಸೂಸ್ಟ್ 2007ರಲ್ಲಿ ಮಾಡಿದ್ದು. "ಕೆಲಸಕ್ಕೆ ಅಡ್ಡಿಯಾಗುವ ತೊಂದರೆ ಇದೆ" ಅನ್ನುವವರು ಅಮೆರಿಕಕ್ಕಿಂತ ನೆದರ್ಲೆಂಡ್ಸ್‌ನಲ್ಲಿ ಜಾಸ್ತಿ. ಎರಡೂ ಕಡೆಯವರಿಗೆ ಒಂದೇ ಕಲ್ಪಿತ ಮನುಷ್ಯನ ವರ್ಣನೆ ಕೊಟ್ಟರು. ಬೆನ್ನುನೋವು ಇಷ್ಟಿದೆ, ಹೀಗೆ ಹೀಗೆ ಕಷ್ಟ, ಇವನಿಗೆ ಕೆಲಸ ಮಾಡಲು ಆಗುತ್ತದಾ? ಡಚ್ ಜನ ಬೇಗ "ಆಗಲ್ಲ" ಅಂದರು. ಅಂದರೆ ಅಂತರದ ದೊಡ್ಡ ಪಾಲು ದೇಹದ್ದಲ್ಲ, ಅಳತೆಗೋಲಿನದು.

ಮರಳಿ_ಬಂದವನು

ಡೇಟಾದ ಒಳಗಿನಿಂದ ಒಂದು ಮಾತು. ನಾನು 60ಕ್ಕೆ ಕೆಲಸ ಬಿಟ್ಟೆ. ಬೀಳ್ಕೊಡುಗೆ ಆಯಿತು, ಹಾರ ಹಾಕಿದರು, ಎಲ್ಲ ಆಯಿತು. 14 ತಿಂಗಳಿಗೆ ವಾರಕ್ಕೆ ಮೂರು ದಿನದ ಇನ್ನೊಂದು ಕೆಲಸಕ್ಕೆ ಸೇರಿದೆ. ಎರಡು ವರ್ಷಕ್ಕೊಮ್ಮೆ ಬರುವ ಸಮೀಕ್ಷೆ ನನ್ನನ್ನು ಕೇಳಿದ್ದರೆ, ನಾನು ಯಾವತ್ತೂ ಕೆಲಸ ಬಿಡದೆ ಅರೆಕಾಲಿಕಕ್ಕೆ ಇಳಿದವನ ಹಾಗೆ ಕಾಣುತ್ತಿದ್ದೆ. ಆ 14 ತಿಂಗಳು ಎರಡು ಸುತ್ತಿನ ಸಂದಿಯಲ್ಲಿ ಕಳೆದುಹೋಗುತ್ತಿತ್ತು. ನನಗೋ ಆ 14 ತಿಂಗಳೇ ನಿವೃತ್ತಿ.

ಹಣ ಸಾಲದೆ ವಾಪಸ್ ಹೋದೆ ಅಂತ ಬಂಧುಗಳು ಅಂದುಕೊಂಡಿದ್ದಾರೆ. ನಿಜ ಏನೆಂದರೆ, ಬಿಡುವ ಮೊದಲೇ ನನ್ನ ಮನಸ್ಸಿನಲ್ಲಿ ಇದ್ದದ್ದು ಅದೇ. ಸ್ವಲ್ಪ ದಿನ ಉಸಿರು ತೆಗೆದುಕೊಂಡು, ಆಮೇಲೆ ಬೇರೆ ಏನಾದರೂ ಮಾಡೋಣ ಅಂತ.

ಹಳೇಪ್ಯಾನೆಲ್

ಸರ್, ನೀವು ಹೇಳಿದ್ದು ನಿಮ್ಮೊಬ್ಬರ ಕಥೆಯಲ್ಲ. ನಿಕೋಲ್ ಮೇಸ್ಟಸ್ 2010ರಲ್ಲಿ ಇದೇ ಡೇಟಾ ಹಿಡಿದು ತೋರಿಸಿದರು. ನಿವೃತ್ತರಲ್ಲಿ ಕನಿಷ್ಠ ನೂರಕ್ಕೆ 26 ಜನ ಮತ್ತೆ ಕೆಲಸಕ್ಕೆ ಬಂದಿದ್ದರು. ಹಾಗೆ ಬಂದವರಲ್ಲಿ ಬಹುಪಾಲು ಜನ ನಿವೃತ್ತಿಗೆ ಮೊದಲೇ ಅದನ್ನು ನಿರೀಕ್ಷಿಸಿದ್ದರು. ಅವರು ಇದನ್ನು ಹೇಗೆ ಕಂಡುಹಿಡಿದರು ಹೇಳಿ? ಮುಂದೆ ಕೆಲಸ ಮಾಡುವ ಯೋಚನೆ ಇದೆಯಾ ಅಂತ ಮೊದಲೇ ಕೇಳಿಟ್ಟಿದ್ದರಿಂದ. ಆಮೇಲೆ ಕೇಳಿದ್ದರೆ ಪ್ರತಿಯೊಬ್ಬರೂ "ಮೊದಲೇ ಅಂದುಕೊಂಡಿದ್ದೆ" ಅನ್ನಬಹುದಿತ್ತು. ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವುದರ ಬೆಲೆ ಇರುವುದು ಇಲ್ಲೇ.

ಸಂಖ್ಯಾಸಖಿ ಅವರೇ, ಸಂದಿಯ ಚಿಂತೆಗೆ ಒಂದು ಪರಿಹಾರ ಇದೆ. ಸುತ್ತಿನಲ್ಲಿ ಸ್ಥಿತಿ ಮಾತ್ರ ಕೇಳುವುದಿಲ್ಲ, ಕೆಲಸ ಬಿಟ್ಟ ತಿಂಗಳು ಮತ್ತು ವರ್ಷವನ್ನೂ ಕೇಳುತ್ತಾರೆ. ನೆನಪಿನ ದೋಷ ಇರುತ್ತದೆ, ಆದರೂ ಇಲ್ಲದ್ದಕ್ಕಿಂತ ವಾಸಿ.

ನೂರಕ್ಕೆ ಎಷ್ಟು ಅನ್ನುವ ಪ್ರಶ್ನೆಗಳಲ್ಲಿ ಎಚ್ಚರ. 50 ಅನ್ನುವ ಉತ್ತರ ಗುಡ್ಡೆ ಬಿದ್ದಿರುತ್ತದೆ. ಅದರಲ್ಲಿ ಕೆಲವರದು ನಿಜವಾದ ಅರ್ಧಕ್ಕರ್ಧ, ಕೆಲವರದು "ನನಗೇನು ಗೊತ್ತು". ಹಾಗಂತ ಈ ಪ್ರಶ್ನೆಗಳು ನಿಷ್ಪ್ರಯೋಜಕ ಅಲ್ಲ. 75ರವರೆಗೆ ಬದುಕುವ ಸಾಧ್ಯತೆ ಎಷ್ಟು ಅಂತ ಕೇಳಿದಾಗ ಕಮ್ಮಿ ಅಂಕಿ ಕೊಟ್ಟವರು ನಿಜಕ್ಕೂ ಹೆಚ್ಚಾಗಿ ಬೇಗ ತೀರಿಕೊಂಡರು ಅನ್ನುವುದನ್ನು ಹರ್ಡ್ ಮತ್ತು ಮೆಕ್‌ಗ್ಯಾರಿ ಮುಂದಿನ ಸುತ್ತುಗಳಿಂದ ತೋರಿಸಿದ್ದಾರೆ.

ಬಾಗಿಲು_ತಟ್ಟಿದವಳು

ಆ ಬದುಕುವ ಪ್ರಶ್ನೆ ಕೇಳುವಾಗ ಪ್ರತಿ ಸಲ ನನ್ನ ದನಿ ತಗ್ಗುತ್ತಿತ್ತು. ಜನ ಮಾತ್ರ ನಾವು ಅಂದುಕೊಂಡದ್ದಕ್ಕಿಂತ ಸಮಾಧಾನವಾಗಿ ಉತ್ತರ ಕೊಡುತ್ತಾರೆ. "ನಮ್ಮಪ್ಪ 71ಕ್ಕೆ ಹೋದರು, ನಂದೂ ಅಷ್ಟೇ ಇರಬೇಕು, ಮೂವತ್ತು ಹಾಕಮ್ಮ" ಅಂತ ಲೆಕ್ಕ ಮಾಡಿಯೇ ಹೇಳುತ್ತಾರೆ.

ಮನೆಲೆಕ್ಕ

ಮೇಷ್ಟ್ರೇ, ಹಣದ ಕಡೆ ಯಾರೂ ಬರಲಿಲ್ಲವಲ್ಲ. ನಿವೃತ್ತಿ ನಿರ್ಧಾರ ಅಂದರೆ ಪಿಂಚಣಿ ಎಷ್ಟು ಬರುತ್ತದೆ ಅನ್ನುವುದೇ ಮುಖ್ಯ ಅಲ್ವಾ?

ಲೆಕ್ಕದ_ಮೇಷ್ಟ್ರು

ಎಷ್ಟು ಬರುತ್ತದೆ ಅನ್ನುವುದಕ್ಕಿಂತ, ಇನ್ನೊಂದು ವರ್ಷ ದುಡಿದರೆ ಎಷ್ಟು ಹೆಚ್ಚಾಗುತ್ತದೆ ಅನ್ನುವುದು ಮುಖ್ಯ. ಒಂದು ವರ್ಷ ತಡ ಮಾಡಿದರೆ ಒಂದು ವರ್ಷದ ಪಿಂಚಣಿ ತಪ್ಪುತ್ತದೆ, ಆದರೆ ಮುಂದಿನ ಪ್ರತಿ ತಿಂಗಳ ಮೊತ್ತ ಹೆಚ್ಚುತ್ತದೆ. ಆ ಹೆಚ್ಚಳ ನಷ್ಟವನ್ನು ತುಂಬದಿದ್ದರೆ, ದುಡಿಮೆಯ ಮೇಲೆ ಕಾಣದ ತೆರಿಗೆ ಬಿದ್ದ ಹಾಗೆ. ಗ್ರೂಬರ್ ಮತ್ತು ವೈಸ್ 1999ರಲ್ಲಿ 11 ದೇಶಗಳನ್ನು ಹೋಲಿಸಿ ಇದನ್ನೇ ತೋರಿಸಿದರು. ಆ ಕಾಣದ ತೆರಿಗೆ ಜಾಸ್ತಿ ಇರುವ ದೇಶದಲ್ಲಿ ಜನ ಬೇಗ ಕೆಲಸ ಬಿಡುತ್ತಾರೆ. ಅದಕ್ಕೂ ಮೊದಲು 1990ರಲ್ಲಿ ಸ್ಟಾಕ್ ಮತ್ತು ವೈಸ್ ಇನ್ನೊಂದು ಹೆಜ್ಜೆ ಇಟ್ಟಿದ್ದರು: ಮನುಷ್ಯ ಬರೀ ಮುಂದಿನ ವರ್ಷ ನೋಡುವುದಿಲ್ಲ, "ಇವತ್ತು ಬಿಡದೆ ಇದ್ದರೆ ಮುಂದೆ ಯಾವ ಒಳ್ಳೆಯ ದಿನ ಬಿಡಬಹುದು" ಅಂತ ಕಾಯುವುದಕ್ಕೂ ಒಂದು ಬೆಲೆ ಇದೆ ಅಂತ.

ಸಂಖ್ಯಾಸಖಿ ಅವರ ಡೇಟಾಗೆ ಬೇಕಾದ ಅಂಕಿ ಇಲ್ಲಿದೆ. 1960 ಅಥವಾ ಆಮೇಲೆ ಹುಟ್ಟಿದವರಿಗೆ ಅಮೆರಿಕದಲ್ಲಿ ಪೂರ್ಣ ಪಿಂಚಣಿ ವಯಸ್ಸು 67. 62ಕ್ಕೇ ತೆಗೆದುಕೊಂಡರೆ ಪೂರ್ಣ ಮೊತ್ತದ ನೂರಕ್ಕೆ 70. 70ರವರೆಗೆ ಕಾದರೆ ನೂರಕ್ಕೆ 124. ಹಿಂದೆ ಪೂರ್ಣ ವಯಸ್ಸು 65 ಇತ್ತು. 1983ರ ಕಾನೂನು ಅದನ್ನು ಹುಟ್ಟಿದ ವರ್ಷದ ಪ್ರಕಾರ ಮೆಲ್ಲಗೆ ಮೇಲೆತ್ತಿತು.

ಈಗ ಯಾವ ವಯಸ್ಸಿನಲ್ಲಿ ಎಷ್ಟು ಜನ ಕೆಲಸ ಬಿಟ್ಟರು ಅಂತ ಒಂದು ಸರಳ ಗ್ರಾಫ್ ಎಳೆಯಿರಿ. 1992ರಲ್ಲಿ ಶುರುವಾದ ಮೊದಲ ಗುಂಪು 1931ರಿಂದ 1941ರ ನಡುವೆ ಹುಟ್ಟಿದವರದ್ದು. ಅವರಲ್ಲಿ 62ಕ್ಕೆ ಒಂದು ದಿಬ್ಬ, 65ರ ಹತ್ತಿರ ಇನ್ನೊಂದು. 62ರದ್ದು ಅರ್ಥವಾಗುತ್ತದೆ, ಹಣ ಕೈಗೆ ಸಿಗುವ ಮೊದಲ ದಿನ ಅದು. 65ರದ್ದು ಯಾಕೆ? ರಸ್ಟ್ ಮತ್ತು ಫೆಲನ್ 1997ರಲ್ಲಿ ಮೆಡಿಕೇರ್ ಕಡೆ ಕೈ ತೋರಿಸಿದರು. ಸರ್ಕಾರಿ ಆರೋಗ್ಯ ವಿಮೆ ಸಿಗುವುದು 65ಕ್ಕೆ. ಅಲ್ಲಿಯವರೆಗೆ ಕೆಲಸ ಬಿಟ್ಟರೆ ವಿಮೆಯೂ ಹೋಗುವ ಭಯ. ಆದರೆ ಪೂರ್ಣ ವಯಸ್ಸು 65 ದಾಟಿ ಮೇಲೆ ಹೋದಾಗ ದಿಬ್ಬವೂ ಅದರ ಜತೆ ಮೇಲೆ ಸರಿಯಿತು. ಮೆಡಿಕೇರ್ ವಯಸ್ಸು ಅಲ್ಲೇ ಇತ್ತು. ಬೆಹಾಗೆಲ್ ಮತ್ತು ಬ್ಲೌ 2012ರಲ್ಲಿ ಇದನ್ನು ವಿವರಿಸಿದ್ದು ಹೀಗೆ: ಸರ್ಕಾರ "ಪೂರ್ಣ" ಅಂತ ಹೆಸರಿಟ್ಟ ವಯಸ್ಸೇ ಜನರಿಗೆ ಗುರುತಿನ ಕಲ್ಲು ಆಗುತ್ತದೆ.

ಹುಟ್ಟಿದ ವರ್ಷದ ಪ್ರಕಾರ ನಿಯಮ ಬದಲಾಗಿದ್ದು ನಿಮಗೆ ವರ. ಒಂದು ವರ್ಷ ಆಚೀಚೆ ಹುಟ್ಟಿದವರು ಉಳಿದ ವಿಷಯದಲ್ಲಿ ಹೆಚ್ಚುಕಮ್ಮಿ ಒಂದೇ ಥರ. ನಿಯಮ ಮಾತ್ರ ಬೇರೆ. ಬ್ರಿಟನ್ನಿನಲ್ಲೂ ಹೆಂಗಸರ ಪಿಂಚಣಿ ವಯಸ್ಸು 2010ರಿಂದ 2018ರೊಳಗೆ 60ರಿಂದ 65ಕ್ಕೆ ಏರಿತು. ಅಲ್ಲಿಯ ಸಂಶೋಧಕರು ಇದೇ ಜಾಡು ಹಿಡಿದಿದ್ದಾರೆ.

ಮನೆಲೆಕ್ಕ

ಚೆನ್ನಾಗಿದೆ ಮೇಷ್ಟ್ರೇ, ಆದರೆ ಒಪ್ಪಲು ಆಗುತ್ತಿಲ್ಲ. ಈ 70, 124 ಎಲ್ಲ ಜನರಿಗೆ ಗೊತ್ತಿರುತ್ತದಾ? ನಾನು ಒಂದು ಸಂಸ್ಥೆಯಲ್ಲಿ ಸಂಬಳ, ಪಿಂಚಣಿ ಕಾಗದ ನೋಡುವ ಕೆಲಸ ಮಾಡಿದವಳು. ಮೂವತ್ತು ವರ್ಷ ದುಡಿದವರು ಬಂದು "ನಂದು ಯಾವ ಥರದ ಪಿಂಚಣಿ?" ಅಂತ ಕೇಳುತ್ತಿದ್ದರು. ಗೊತ್ತೇ ಇಲ್ಲದ ನಿಯಮ ನಿರ್ಧಾರವನ್ನು ಹೇಗೆ ಬದಲಿಸುತ್ತದೆ?

ಲೆಕ್ಕದ_ಮೇಷ್ಟ್ರು

ಮೇಡಂ, ನಿಮ್ಮ ಮಾತು ಪೂರ್ತಿ ಸರಿ. ನಾನು ಅದನ್ನು ಮೊದಲೇ ಹೇಳಬೇಕಿತ್ತು. ಈ ಸಮೀಕ್ಷೆಯವರು ಉತ್ತರದಾರರ ಕಂಪನಿಗಳಿಂದ ಪಿಂಚಣಿ ಯೋಜನೆಯ ವಿವರವನ್ನೂ, ಒಪ್ಪಿಗೆ ಕೊಟ್ಟವರ ಸೋಷಿಯಲ್ ಸೆಕ್ಯೂರಿಟಿ ಗಳಿಕೆಯ ದಾಖಲೆಯನ್ನೂ ಜೋಡಿಸಿದ್ದಾರೆ. ಗಸ್ಟ್‌ಮನ್ ಮತ್ತು ಸ್ಟೈನ್‌ಮೈಯರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ತಮ್ಮ ಯೋಜನೆ ಯಾವ ಬಗೆಯದು ಅನ್ನುವುದನ್ನೇ ತಪ್ಪು ಹೇಳಿದವರು ತುಂಬಾ ಜನ ಇದ್ದರು. ಚಾನ್ ಮತ್ತು ಸ್ಟೀವನ್ಸ್ 2008ರಲ್ಲಿ ಇನ್ನೂ ಮುಂದೆ ಹೋದರು. ಸರಿಯಾಗಿ ತಿಳಿದವರು ನಿಜವಾದ ಲಾಭಕ್ಕೆ ಜೋರಾಗಿ ಸ್ಪಂದಿಸುತ್ತಾರೆ. ತಪ್ಪು ತಿಳಿದವರು ತಾವು ತಿಳಿದುಕೊಂಡ ಲಾಭಕ್ಕೆ ಸ್ಪಂದಿಸುತ್ತಾರೆ. ದಾಖಲೆಯ ಅಂಕಿ ಮಾತ್ರ ಇಟ್ಟುಕೊಂಡರೆ "ಜನ ಹಣಕ್ಕೆ ಸ್ಪಂದಿಸುವುದೇ ಇಲ್ಲ" ಅನ್ನುವ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಲುಸಾರ್ಡಿ ಮತ್ತು ಮಿಚೆಲ್ 2004ರ ಸುತ್ತಿನಲ್ಲಿ ಮೂರು ಚಿಕ್ಕ ಪ್ರಶ್ನೆ ಸೇರಿಸಿದ್ದರು. 100 ಇದೆ, ವರ್ಷಕ್ಕೆ ನೂರಕ್ಕೆ 2 ಬಡ್ಡಿ, ಐದು ವರ್ಷಕ್ಕೆ 102ಕ್ಕಿಂತ ಜಾಸ್ತಿನಾ ಕಮ್ಮಿನಾ ಅನ್ನುವುದು ಮೊದಲನೆಯದು. ಬೆಲೆ ಏರಿಕೆಯದು ಎರಡನೆಯದು. ಒಂದೇ ಕಂಪನಿಯ ಷೇರು ಜಾಸ್ತಿ ಸುರಕ್ಷಿತವೋ ಮ್ಯೂಚುವಲ್ ಫಂಡೋ ಅನ್ನುವುದು ಮೂರನೆಯದು. ಮೊದಲೆರಡಕ್ಕೆ ಸರಿ ಹೇಳಿದವರು ಸುಮಾರು ಅರ್ಧ, ಮೂರಕ್ಕೂ ಸರಿ ಹೇಳಿದವರು ಮೂರರಲ್ಲಿ ಒಂದು ಪಾಲು ಅಷ್ಟೆ. ಇದರಲ್ಲಿ ತಪ್ಪು ಜನರದ್ದು ಅಂತ ನನಗೆ ಅನ್ನಿಸುವುದಿಲ್ಲ. ಬದುಕಿನಲ್ಲಿ ಒಂದೇ ಸಲ ತೆಗೆದುಕೊಳ್ಳುವ ನಿರ್ಧಾರಕ್ಕೆ ಅಭ್ಯಾಸ ಎಲ್ಲಿ ಸಿಗುತ್ತದೆ?

ಮನೆಲೆಕ್ಕ

ಸರಿ, ಈಗ ಸಮಾಧಾನ ಆಯಿತು. ಇನ್ನೊಂದು ಬಿಟ್ಟುಹೋಗಿದೆ. ಇದು ಒಬ್ಬರ ನಿರ್ಧಾರವೇ ಅಲ್ಲ. ನನ್ನ ಹತ್ತಿರ ಕಾಗದ ತುಂಬಿಸಲು ಬರುತ್ತಿದ್ದವರಲ್ಲಿ ಎಷ್ಟೋ ಜನ ತಾರೀಖಿನ ಜಾಗ ಖಾಲಿ ಬಿಡುತ್ತಿದ್ದರು. "ಮನೆಯವರನ್ನು ಕೇಳಿ ಹೇಳ್ತೀನಿ" ಅನ್ನುತ್ತಿದ್ದರು. ಗಂಡ ಬಿಟ್ಟ ಮೇಲೆ ಹೆಂಡತಿ, ಹೆಂಡತಿ ಬಿಟ್ಟ ಮೇಲೆ ಗಂಡ.

ಹಳೇಪ್ಯಾನೆಲ್

ಹೌದು. ಗಂಡಹೆಂಡತಿ ವಯಸ್ಸಿನಲ್ಲಿ ಅಂತರ ಇದ್ದರೂ ಹತ್ತಿರ ಹತ್ತಿರದ ಕಾಲದಲ್ಲಿ ಕೆಲಸ ಬಿಡುವವರು ಸಾಕಷ್ಟು ಜನ. ಮೈಕಲ್ ಹರ್ಡ್ 1990ರಲ್ಲೇ ಇದನ್ನು ಗಮನಿಸಿದರು. ಗಸ್ಟ್‌ಮನ್, ಸ್ಟೈನ್‌ಮೈಯರ್ 2000ದಲ್ಲಿ ಜೋಡಿಯ ಮಾದರಿ ಕಟ್ಟಿದರು. ಹಣಕ್ಕಿಂತ, ಇಬ್ಬರೂ ಒಟ್ಟಿಗೆ ಬಿಡುವಾಗಿರಬೇಕು ಅನ್ನುವ ಆಸೆ ಇಲ್ಲಿ ಕೆಲಸ ಮಾಡುತ್ತದೆ.

ಈ ಸಮೀಕ್ಷೆಯಲ್ಲಿ ಇಬ್ಬರನ್ನೂ ಮಾತಾಡಿಸುತ್ತಾರೆ. ಮನೆಯ ಹಣಕಾಸಿನ ಪ್ರಶ್ನೆ ಮಾತ್ರ ಒಬ್ಬರಿಗೆ. ಒಂದು ಎಚ್ಚರ: ಸಂಗಾತಿ ವಯಸ್ಸಿನ ಮಿತಿಗಿಂತ ಚಿಕ್ಕವರಾಗಿದ್ದರೂ ಮಾತಾಡಿಸುತ್ತಾರೆ, ಆದರೆ ಅವರ ತೂಕ (ಒಬ್ಬ ಉತ್ತರದಾರರು ದೇಶದ ಎಷ್ಟು ಜನರ ಪ್ರತಿನಿಧಿ ಅನ್ನುವ ಅಂಕಿ) ಸೊನ್ನೆ. ತೂಕ ಹಾಕಿ ಲೆಕ್ಕ ಮಾಡಿದರೆ ಆ ಸಾಲುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಜೋಡಿಯ ಬಗ್ಗೆ ಬರೆಯುವಾಗ ಇದು ಕಾಡುತ್ತದೆ.

ಸಂಖ್ಯಾಸಖಿ

ಹತ್ತು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ನೀವೆಲ್ಲ ಹೇಳಿದ್ದನ್ನು ಒಂದೊಂದಾಗಿ ಮಾಡುತ್ತಿದ್ದೆ.

ಮೊದಲು ನನ್ನದೇ ತಪ್ಪು ಸಿಕ್ಕಿತು. ಕೆಲಸದ ಗಂಟೆ ಖಾಲಿ ಇದ್ದವರನ್ನೆಲ್ಲ ಸೊನ್ನೆ ಅಂತ ತುಂಬಿದ್ದೆ. ಕೋಡ್‌ಬುಕ್ ನೋಡಿದರೆ ಖಾಲಿಯಲ್ಲೇ ಬೇರೆ ಬೇರೆ ಥರ ಇದೆ. ಉತ್ತರ ಕೊಡಲು ಒಪ್ಪದವರು ಬೇರೆ, ಗೊತ್ತಿಲ್ಲ ಅಂದವರು ಬೇರೆ, ಪ್ರಶ್ನೆಯನ್ನೇ ಕೇಳದೆ ದಾಟಿಸಿದವರು ಬೇರೆ. ಅಂದರೆ ಕೆಲಸ ಮಾಡುತ್ತಿದ್ದವರನ್ನೂ ಕೆಲವು ಕಡೆ ನಾನೇ ನಿವೃತ್ತರನ್ನಾಗಿ ಮಾಡಿದ್ದೆ.

ಆಮೇಲೆ ಕಾಲದ ಕ್ರಮ ಸರಿಮಾಡಿದೆ. ಹಿಂದಿನ ಸುತ್ತಿನಲ್ಲಿ ಎಲ್ಲರೂ ಕೆಲಸದಲ್ಲಿದ್ದಾಗ ಹೇಳಿದ ಆರೋಗ್ಯ, ಮುಂದಿನ ಸುತ್ತಿನ ಕೆಲಸ. ಆರೋಗ್ಯದ ಪ್ರಭಾವ ಇಳಿಯಿತು, ಆದರೆ ಹೋಗಲಿಲ್ಲ. ಮೇಷ್ಟ್ರು ಹೇಳಿದ ಹಾಗೆಯೇ ಆಯಿತು. ಮೂರು ವ್ಯಾಖ್ಯೆಗೂ ಮೂರು ಕೋಷ್ಟಕ ಮಾಡಿದೆ. ಸ್ವಂತ ಹೇಳಿಕೆಯ ಕೋಷ್ಟಕದಲ್ಲಿ ಆರೋಗ್ಯ ಜೋರು, ಪಿಂಚಣಿ ಶುರುವಾದ ಕೋಷ್ಟಕದಲ್ಲಿ ವಯಸ್ಸಿನ ನಿಯಮ ಜೋರು. ಮೊದಲು ಇದು ಗೊಂದಲ ಅಂದುಕೊಂಡಿದ್ದೆ. ಈಗ ಇದೇ ನನ್ನ ಪ್ರಬಂಧದ ಮುಖ್ಯ ಅಧ್ಯಾಯ. ಮಾರ್ಗದರ್ಶಕರೂ ಒಪ್ಪಿದರು.

ಒಂದು ಅನುಮಾನ ಉಳಿದಿದೆ. ನಡುವೆ ಬಿಟ್ಟುಹೋದವರು? ಕಾಯಿಲೆ ಬಂದು ಕೆಲಸ ಬಿಟ್ಟು, ಮುಂದಿನ ಸುತ್ತಿನೊಳಗೆ ತೀರಿಕೊಂಡವರು ನನ್ನ ಲೆಕ್ಕದಲ್ಲಿ ಇರುವುದೇ ಇಲ್ಲವಲ್ಲ?

ಹಳೇಪ್ಯಾನೆಲ್

ಒಳ್ಳೆಯ ಅನುಮಾನ. ಅವರಿಗಾಗಿ ಬೇರೆ ಫೈಲ್ ಇದೆ. ಉತ್ತರದಾರರು ತೀರಿಕೊಂಡರೆ ಹತ್ತಿರದವರನ್ನು ಕೊನೆಯ ಬಾರಿ ಮಾತಾಡಿಸುತ್ತಾರೆ. ಕೊನೆಯ ಕಾಲದ ಆರೋಗ್ಯ, ಖರ್ಚು, ಆಸ್ತಿ ಎಲ್ಲ ಅದರಲ್ಲಿ ಸಿಗುತ್ತದೆ. ಒಂದು ಸುತ್ತು ತಪ್ಪಿಸಿಕೊಂಡವರನ್ನು ಮುಂದಿನ ಸುತ್ತಿನಲ್ಲಿ ಮತ್ತೆ ಹುಡುಕುತ್ತಾರೆ. ಹಾಗಾಗಿ ಖಾಲಿ ಸುತ್ತು ಅಂದರೆ ಶಾಶ್ವತವಾಗಿ ಹೋದರು ಅಂತ ಅಲ್ಲ.

ಮರಳಿ_ಬಂದವನು

ಬೇರೆ ದೇಶಗಳಲ್ಲೂ ಇಂಥ ಸಮೀಕ್ಷೆ ಇವೆಯಾ? ಪಿಂಚಣಿಯೇ ಇಲ್ಲದ ಕೆಲಸಗಾರರು ಜಾಸ್ತಿ ಇರುವ ಕಡೆ ಈ ಪ್ರಶ್ನೆಗಳು ನಡೆಯುತ್ತವಾ?

ಹಳೇಪ್ಯಾನೆಲ್

ಇವೆ. ಇಂಗ್ಲೆಂಡಿನಲ್ಲಿ ಎಲ್ಸಾ 2002ರಿಂದ. ಯೂರೋಪಿನಲ್ಲಿ ಶೇರ್ 2004ರಿಂದ. ಚೀನಾದಲ್ಲಿ ಚಾರ್ಲ್ಸ್ 2011ರಿಂದ. ಭಾರತದಲ್ಲಿ ಲಾಸಿ, ಮೊದಲ ಸುತ್ತು 2017-18ರಲ್ಲಿ, 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನ. ಎಲ್ಲವನ್ನೂ ಅಮೆರಿಕದ ಮಾದರಿಯ ಜತೆ ಹೋಲಿಸಲು ಬರುವ ಹಾಗೆ ಕಟ್ಟಿದ್ದಾರೆ. ಗೇಟ್‌ವೇ ಟು ಗ್ಲೋಬಲ್ ಏಜಿಂಗ್ ಡೇಟಾ ಅನ್ನುವ ತಾಣದಲ್ಲಿ ಹೊಂದಿಸಿದ ಫೈಲುಗಳು ಸಿಗುತ್ತವೆ.

ನಿಮ್ಮ ಎರಡನೇ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಕೃಷಿ, ಕೂಲಿ, ಸ್ವಂತ ಉದ್ಯೋಗದವರಿಗೆ ನಿವೃತ್ತಿ ಅನ್ನುವ ದಿನವೇ ಇಲ್ಲ. ಮೈ ಕೈ ನಡೆಯುವವರೆಗೆ ದುಡಿಮೆ, ಆಮೇಲೆ ಹಗುರ ಕೆಲಸ, ಆಮೇಲೆ ಇನ್ನೂ ಹಗುರ. ಅಲ್ಲಿ "ನಿವೃತ್ತರಾ?" ಅನ್ನುವುದಕ್ಕಿಂತ ಗಂಟೆ, ಕೆಲಸದ ಬಗೆ, ಮಕ್ಕಳಿಂದ ಬರುವ ಹಣ ಇವನ್ನು ನೋಡಬೇಕು. ಹೊಂದಿಸಿದ ಫೈಲಿನಲ್ಲಿ ವೇರಿಯಬಲ್ ಹೆಸರು ಒಂದೇ ಇದ್ದರೂ, ಪ್ರತಿ ದೇಶದ ಪ್ರಶ್ನಾವಳಿ ತೆರೆದು ಆ ಪ್ರಶ್ನೆ ಯಾರಿಗೆ ಕೇಳಿದ್ದಾರೆ ಅಂತ ನೋಡಲೇಬೇಕು.

ಸಂಖ್ಯಾಸಖಿ

ಬಾಗಿಲು_ತಟ್ಟಿದವಳು ಮೇಡಂ, ಕೊನೆಯದಾಗಿ ನಿಮಗೊಂದು ಪ್ರಶ್ನೆ. ಲೆಕ್ಕ ಬರೆಯುತ್ತಿದ್ದ ಆ ಅಮ್ಮನಿಗೆ ಮುಂದಿನ ಸುತ್ತಿನಲ್ಲಿ ಮತ್ತೆ ಹೋಗಿದ್ದಿರಾ?

ಬಾಗಿಲು_ತಟ್ಟಿದವಳು

ಹೋಗಿದ್ದೆ. ಗಂಡ ವ್ಯಾಪಾರ ಮುಚ್ಚಿ ಎಂಟು ತಿಂಗಳಾಗಿತ್ತು. ಅದೇ ಪ್ರಶ್ನೆ ಬಂತು. ನಾನು ಓದಿ ಮುಗಿಸುವ ಮೊದಲೇ "ಈಗ ಬರ್ಕೊ, ಪೂರ್ತಿ ನಿವೃತ್ತಿ" ಅಂದರು. ಮುಂದಿನ ಪ್ರಶ್ನೆ ಯಾವ ತಿಂಗಳು, ಯಾವ ವರ್ಷ ಅಂತ. ಒಳಗೆ ಹೋಗಿ ಕೊನೆಯ ಲೆಕ್ಕದ ಪುಸ್ತಕ ತಂದು, ಕೊನೆಯ ಪುಟ ತೆಗೆದು, ತಾರೀಖು ನೋಡಿ ಹೇಳಿದರು.